ಹಸಿರು ತಿಗಣೆಗೆ ಐದು ಜ್ವರ

ಮೊನ್ನೆ ಮೊಮ್ಮಗಳು ಬಾಲ್ಕನಿಯಲ್ಲಿ ನಾನು ಕುಂಡಕ್ಕೆ ಹಾಕಿದ ಅವರೆ ಬಳ್ಳಿಯ ಮುಂದೆ ನಿಂತು, "ಅಜ್ಜೀ, ಏನೋ ಹಸಿರು ಹುಳ!" ಎಂದು ಕಿರುಚಿದಳು. ನಾನು ಕನ್ನಡಕ ಹುಡುಕಿಕೊಂಡು ಹೋಗುವಷ್ಟರಲ್ಲಿ ಫೋನನ್ನು ಅದರ ಮೂತಿಗೆ ಹಿಡಿದಾಗಿತ್ತು. ಫೋನಿನೊಳಗೆ ಒಂದು ಚಕ್ರ ಗಿರ್ರನೆ ತಿರುಗಿ, ಹುಳುವಿನ ಹೆಸರು, ಅದು ಯಾವ ಯಾವ ದೇಶದಲ್ಲಿದೆ, ಯಾವ ಯಾವ ಗಿಡದ ರಸ ಹೀರುತ್ತದೆ, ಎಲ್ಲವನ್ನೂ ಒಪ್ಪಿಸಿಬಿಟ್ಟಿತು. ನನಗೆ ಹೊಟ್ಟೆಕಿಚ್ಚಾಯಿತು. ಇಷ್ಟನ್ನು ತಿಳಿಯಲು ನಾನು ಒಂದಿಡೀ ಅವರೆ ಸುಗ್ಗಿ ಕಳೆದಿದ್ದೆ. ಗಂಡನಿಗೆ ಸುಳ್ಳು ಬರೆದಿದ್ದೆ, ಅತ್ತೆಯ ಚಂದ್ರಿಕೆ ಮುರಿದಿದ್ದೆ, ಜೀವನದಲ್ಲಿ ಮೊದಲ ಸಲ ಒಬ್ಬಳೇ ಬಸ್ಸು ಹತ್ತಿದ್ದೆ. ಅದನ್ನೆಲ್ಲ ಹೇಳಹೋದರೆ, "ಟೈಪ್ ಮಾಡಿ ಕಳ್ಸಜ್ಜಿ, ಆಮೇಲೆ ಓದ್ತೀನಿ" ಎಂದಳು. ಟೈಪ್ ಮಾಡುವುದನ್ನು ಕಲಿಸಿದವಳೂ ಅವಳೇ. ಕಲಿಸಿದ ತಪ್ಪಿಗೆ ಈಗ ಇಷ್ಟುದ್ದ ಓದಲಿ.

ಎಂಬತ್ತರ ದಶಕದ ನಡುವಿನ ಮಾತು. ನನಗೆ ಮದುವೆಯಾಗಿ ಒಂದೂವರೆ ವರ್ಷವಾಗಿತ್ತು. ಅತ್ತೆ ಮನೆ ಜಂಗಮಕೋಟೆ ಹತ್ತಿರದ ಹಳ್ಳಿಯಲ್ಲಿ. ಮನೆ ತುಂಬ ರೇಷ್ಮೆ ಹುಳು. ನಮ್ಮವರಿಗೆ ಗೌರಿಬಿದನೂರಿನ ಕೃಷಿ ಆಫೀಸಿನಲ್ಲಿ ಕೆಲಸ. ಹೊಲ ಹೊಲ ಸುತ್ತಿ, ಯಾವ ಬೆಳೆಗೆ ಯಾವ ಕೀಟ ಬಿದ್ದಿದೆ ಎಂದು ನೋಡಿ ಬರೆಯಬೇಕು. ಅಲ್ಲೇ ಒಂದು ಕೋಣೆ ಹಿಡಿದು, ತಾವೇ ಅನ್ನ ಬೇಯಿಸಿಕೊಂಡಿದ್ದರು. ಹದಿನೈದು ದಿನಕ್ಕೊಮ್ಮೆ ಶನಿವಾರ ಸಂಜೆ ಬಂದರೆ ಭಾನುವಾರ ಮಧ್ಯಾಹ್ನ ಹೊರಟುಬಿಡುವರು. ಆ ಅಷ್ಟು ಹೊತ್ತಿನಲ್ಲೂ ಮಾವ ಅವರನ್ನು ಹಿಪ್ಪುನೇರಳೆ ತೋಟಕ್ಕೆ ಎಳೆದುಕೊಂಡು ಹೋಗುವರು. ಅತ್ತೆ ಎದುರು ಕೂರಿಸಿಕೊಂಡು ಊರ ಸುದ್ದಿಯೆಲ್ಲ ಹೇಳುವರು. ನನ್ನ ಪಾಲಿಗೆ ಉಳಿಯುತ್ತಿದ್ದುದು ಅವರು ಬಿಚ್ಚಿಟ್ಟ ಅಂಗಿ. ಅದನ್ನು ಒಗೆಯುವ ಮೊದಲು ಒಂದು ಸಲ ಮೂಸುತ್ತಿದ್ದೆ. ಈಗ ಹೇಳಲು ನಾಚಿಕೆಯೇನಿಲ್ಲ.

ಒಂದು ಸಲ ಧೈರ್ಯ ಮಾಡಿ ಅತ್ತೆಯನ್ನು ಕೇಳಿದೆ, ನಾನೂ ಗೌರಿಬಿದನೂರಿಗೆ ಹೋಗಿ ಇರಲೇ ಎಂದು.

"ಹೋಗಮ್ಮ, ಯಾರು ಬ್ಯಾಡ ಅಂದ್ರು?" ಎಂದರು ಅತ್ತೆ, ಸೊಪ್ಪು ಹೆಚ್ಚುತ್ತಿದ್ದ ಕತ್ತಿಯನ್ನು ನಿಲ್ಲಿಸದೆ. "ಹುಳನೂ ಕರ್ಕೊಂಡೋಗು. ಅಲ್ಲೇ ಸೊಪ್ಪು ಹಾಕ್ಕೊಂಡು ಮೂವರೂ ಸುಖವಾಗಿರಿ."

ಅಷ್ಟೇ. ದಿನಕ್ಕೆ ನಾಲ್ಕು ಸಲ ಸೊಪ್ಪು ಹಾಕಲು ಕೈ ಬೇಕಿತ್ತು. ಕೈ ನನ್ನದಾಗಿತ್ತು.

ಅಂಥದ್ದರಲ್ಲಿ ಒಂದು ಭಾನುವಾರ ಬೆಳಗ್ಗೆ ಕೊಟ್ಟಿಗೆಯಲ್ಲಿ ನಾನು ಹಾಲು ಕರೆಯುತ್ತಿದ್ದಾಗ ಅವರು ಹಲ್ಲುಜ್ಜುವ ನೆಪದಲ್ಲಿ ಬಂದು ಕಂಬಕ್ಕೆ ಒರಗಿ ನಿಂತರು.

"ಸಾಹೇಬ್ರು ಒಂದ್ಮಾತು ಅಂದಿದಾರೆ ಕಣೇ. ಈ ವರ್ಷ ಅವರೆಗೆ ಹಸಿರು ತಿಗಣೆ ಜಾಸ್ತಿ ಬಿದ್ದೈತೆ. ಗೌರಿಬಿದನೂರಿಂದ ಚಿಂತಾಮಣಿವರೆಗೆ ಎಲ್ಲೆಲ್ಲಿ ಐತೆ, ಎಷ್ಟು ಜಾತಿ, ಯಾವ್ಯಾವ ಗಿಡದ ಮೇಲೆ, ನೋಡಿ ಬರ್ಕೊಡು ಅಂದ್ರು. ಚೆನ್ನಾಗಿ ಬರೆದ್ರೆ ಬೆಂಗಳೂರಿಗೆ ಹೇಳಿ ಶಿಡ್ಲಘಟ್ಟಕ್ಕೆ ವರ್ಗ ಮಾಡಿಸ್ತೀನಿ ಅಂದ್ರು."

"ಶಿಡ್ಲಘಟ್ಟಕ್ಕೆ ಅಂದ್ರೆ... ದಿನಾ ಮನೇಗೆ?"

"ದಿನಾ ಸಾಯಂಕಾಲ."

ಹಾಲು ಚೊಂಬು ಬಿಟ್ಟು ನನ್ನ ಪಾದಕ್ಕೆ ಬಿತ್ತು.

"ನಾಲ್ಕು ತಾಲ್ಲೂಕು ನಾನೊಬ್ನೇ ಸುತ್ತಕ್ಕಾಗಲ್ಲ. ಈ ಕಡೇದು ನೀನು ನೋಡ್ತೀಯಾ?"

"ಹುಳ ಸಾಕೋಳಿಗೆ ಹುಳ ನೋಡಕ್ಕೆ ಹೇಳ್ತೀರಾ?" ಎಂದೆ. ಆ ಕ್ಷಣದಿಂದ ನನಗೆ ಬೇಕಿದ್ದುದು ಒಂದೇ, ಆ ವರ್ಗ.

ಗುರುತು ಹೇಗೆ ಹಿಡಿಯಬೇಕೆಂದು ಅಲ್ಲೇ, ಹಸುವಿನ ಬೆನ್ನ ಮೇಲೆ ಬೆರಳಲ್ಲಿ ಬರೆದು ತೋರಿಸಿದರು. ಮೈ ಗುರಾಣಿಯಂತೆ, ಹೆಬ್ಬೆರಳ ಉಗುರಿನಷ್ಟು. ಬೆನ್ನ ನಡುವೆ ಒಂದು ಮುಕ್ಕೋನ. ಆ ಮುಕ್ಕೋನದ ಮೇಲಂಚಿನಲ್ಲಿ ಸಾಲಾಗಿ ಮೂರು ಬಿಳಿ ಚುಕ್ಕೆ, ಸಾಸಿವೆಗಿಂತ ಸಣ್ಣವು. ಮೀಸೆಯಲ್ಲಿ ಕಂದು ಪಟ್ಟಿ. ಹೊಟ್ಟೆಯ ಕೆಳಗೆ ಮಡಿಸಿಟ್ಟ ಸೂಜಿಯಂಥ ಮೂತಿ. ಮುಟ್ಟಿದರೆ ಕೊಳೆತ ಕೊತ್ತಂಬರಿಯ ವಾಸನೆ. ಇವಿಷ್ಟೂ ಇದ್ದರೆ ಅದೇ.

ನಮ್ಮ ಮನೆಗೆ ಕಾಗದ ಬಂದರೆ ಓದುವವರು ಮಾವ. ಜಗಲಿಯಲ್ಲಿ ಕೂತು ಕನ್ನಡಕ ಏರಿಸಿ, ಮನೆಯವರಿಗೆಲ್ಲ ಕೇಳುವಂತೆ ಓದುವರು. ಬೀದಿಯಲ್ಲಿ ಹೋಗುವವರೂ ನಿಂತು ಕೇಳುವರು. ನಾನು ಬರೆದ ಉತ್ತರವನ್ನೂ ಅವರೇ ಒಂದು ಸಲ ಓದಿ ಅಂಟಿಸುವರು. ಹೀಗಿರುವಾಗ ನಮ್ಮವರು ನನಗೆ ಏನು ತಾನೆ ಬರೆದಾರು? ಅಪ್ಪನ ಹೆಸರಿಗೆ ಬರೆದು ಕೊನೆಯಲ್ಲಿ, "ಅವರೆ ಹೊಲದಲ್ಲಿ ಹಸಿರು ತಿಗಣೆ ಕಂಡರೆ, ಎಲೆಯ ಮೇಲೋ ಕಾಯಿಯ ಮೇಲೋ, ನಿಮ್ಮ ಸೊಸೆಗೆ ನೋಡಿ ಬರೆಯಲು ಹೇಳುವುದು" ಎಂದಿರುತ್ತಿತ್ತು.

"ಕಟ್ಕೊಂಡ ಹೆಂಡ್ತಿಗೆ ತಿಗಣೆ ವಿಚಾರ ಬರೀತಾನಲ್ಲ ಇವ್ನು!" ಎಂದು ಮಾವ ಕಾಗದ ಮಡಿಸಿದರು.

"ಇನ್ನೇನು ಮಲ್ಗೆ ಹೂವಿನ ವಿಚಾರ ಬರೀಬೇಕಿತ್ತಾ, ನೀವು ಓದಕ್ಕೆ?" ಎಂದರು ಅತ್ತೆ.

ನನಗೆ ಮಾತ್ರ ಆ ಎರಡು ಸಾಲು ಸಾಕಾಗಿತ್ತು. ಅವರು ನನ್ನಿಂದ ಏನನ್ನೋ ಕೇಳಿದ್ದಾರೆ, ನಾನು ಕೊಡಬೇಕು. ಮಧ್ಯಾಹ್ನದ ಸೊಪ್ಪು ಹಾಕಿ ಸಂಜೆಯ ಸೊಪ್ಪಿನವರೆಗೆ ಹೊಲ ಸುತ್ತತೊಡಗಿದೆ. ಅವರೆ ಸೊಗಡು ಏರುವ ಕಾಲ. ಇಬ್ಬನಿಯಲ್ಲಿ ಕಾಯಿ ಕಿತ್ತರೆ ಬೆರಳಿಗೆ ಅಂಟುವ ಜಿಡ್ಡು, ಅದರ ಘಮ ಸೀರೆಯ ಸೆರಗಿನಲ್ಲಿ ಎರಡು ದಿನ ನಿಲ್ಲುತ್ತಿತ್ತು. ಆ ಘಮದ ನಡುವೆಯೇ ಈ ನಾತದ ಹುಳು ಕಾಯಿಯ ಮೇಲೆ ಕೂತು, ಸೂಜಿ ಇಳಿಸಿ, ಒಳಗಿನ ಕಾಳಿನ ಹಾಲು ಹೀರುತ್ತಿತ್ತು. ಚುಚ್ಚಿಸಿಕೊಂಡ ಕಾಳು ಹಿತಕಿದಾಗ ಕಪ್ಪು ಚುಕ್ಕೆ ಹೊತ್ತು ಸುಕ್ಕಾಗಿ ಬರುತ್ತಿತ್ತು. ಸಾರಿಗೆ ಕಹಿ.

ಅವರೆ ಬಿಟ್ಟು ಬೇರೆ ಗಿಡಗಳಲ್ಲೂ ಸಿಕ್ಕಿತು. ತೊಗರಿಯಲ್ಲಿ, ಅಲಸಂದೆಯಲ್ಲಿ, ಬದುವಿನ ಹರಳು ಗಿಡದಲ್ಲಿ, ಬಾವಿಯ ಪಕ್ಕದ ಟೊಮ್ಯಾಟೊ ಹಣ್ಣಿನ ಮೇಲೆ. ತಡವಾಗಿ ಹಾಲು ತುಂಬಿದ ರಾಗಿ ತೆನೆಯನ್ನೂ ಬಿಟ್ಟಿರಲಿಲ್ಲ. ಹಿಪ್ಪುನೇರಳೆ ಎಲೆಯ ಮೇಲೆ ಮಾತ್ರ ನೆಂಟರ ಮನೆಯ ಜಗಲಿಯಲ್ಲಿ ಕೂತಂತೆ ಕೂತು, ಏನೂ ತೆಗೆದುಕೊಳ್ಳದೆ ಹೊರಟುಹೋಗುತ್ತಿತ್ತು. ಅಂಬಾಜಿದುರ್ಗದ ಕೆಳಗಿನ ನನ್ನ ತವರಿಗೆ ಹೋದಾಗ ಅಲ್ಲಿನ ಹೊಲದಲ್ಲೂ ಹುಡುಕಿದೆ. ತೆಲುಗು ಮನೆಮಾತಿನ ನನ್ನ ತಮ್ಮನ ಹೆಂಡತಿ ನಡುವಿಗೆ ಕೈ ಕೊಟ್ಟು ನೋಡುತ್ತಿದ್ದಳು.

"ಏಮಿ ವದಿನಾ, ತೌರಿಗೆ ಬಂದು ಪಚ್ಚ ಪುರುಗು ಹುಡುಕ್ತಾ ಇದೀರಾ? ನಮ್ಮನೇಲಿ ಊಟ ಸಾಲ್ಲಿಲ್ವಾ?"

ಅವಳ ಪಚ್ಚ ಪುರುಗು, ನಮ್ಮ ಹಸಿರು ಹುಳು, ಅಲ್ಲೂ ಇತ್ತು. ಎಲ್ಲ ಬರೆದೆ. ನಮ್ಮ ಕಡೆ ಗೌರಿಬಿದನೂರಿಗಿಂತ ಹೆಚ್ಚು ಏಕೆ ಎನ್ನುವುದನ್ನೂ ಬರೆದೆ. ರೇಷ್ಮೆ ಊರುಗಳಲ್ಲಿ ಯಾರೂ ಔಷಧಿ ಹೊಡೆಯುವುದಿಲ್ಲ. ಪಕ್ಕದ ಅವರೆಗೆ ಹೊಡೆದದ್ದು ಗಾಳಿಯಲ್ಲಿ ಹಿಪ್ಪುನೇರಳೆಗೆ ತಾಗಿದರೆ ಹುಳುಮನೆಯೇ ಸಾಯುತ್ತದೆ. ಬದುವಿನ ಮೇಲೆ ಜಗಳ ಏಳುತ್ತದೆ. ಹಾಗಾಗಿ ತಿಗಣೆಗೆ ನಮ್ಮಲ್ಲಿ ಅಭಯ. ಇದನ್ನು ಓದಿ ಅವರಿಗೆ ಬಹಳ ಖುಷಿಯಾಯಿತಂತೆ. ಹಾಗೆಂದು ಮಾವನಿಗೆ ಬರೆದಿದ್ದರು.

ನಂತರದ ಕಾಗದದಲ್ಲಿ ಈ ಶನಿವಾರ ಬರಲಾಗುವುದಿಲ್ಲ, ಮುಂದಿನ ಶನಿವಾರವೂ ಅನುಮಾನ ಎಂದಿತ್ತು. ಮಾವ ಅದನ್ನು ಓದಿ ಪಕ್ಕಕ್ಕಿಟ್ಟರು. ನಾನು ಬುಟ್ಟಿ ತೆಗೆದುಕೊಂಡು ಅವರೆ ಹೊಲಕ್ಕೆ ಹೋಗಿ ಸುಮ್ಮನೆ ಕೂತೆ. ಆಗ ಕಂಡದ್ದು ಹಳದಿ ಕುತ್ತಿಗೆಯ ತಿಗಣೆ. ಮೈಯೆಲ್ಲ ಹಸಿರು. ತಲೆ ಮತ್ತು ಹೆಗಲಂಚಿಗೆ ಮಾತ್ರ ಬೆಣ್ಣೆ ಬಣ್ಣದ ಪಟ್ಟಿ, ಶಾಲು ಹೊದ್ದಂತೆ. ಅದರ ಹಿಂಭಾಗಕ್ಕೆ ತನ್ನ ಹಿಂಭಾಗ ಅಂಟಿಸಿಕೊಂಡು ಇನ್ನೊಂದಿತ್ತು. ಅದು ಪಟ್ಟಿಯಿಲ್ಲದ, ಅಪ್ಪಟ ಹಸಿರು. ಒಂದರ ಮುಖ ಪೂರ್ವಕ್ಕೆ, ಒಂದರದು ಪಶ್ಚಿಮಕ್ಕೆ. ಮಾರನೆಯ ಬೆಳಗ್ಗೆಯಿಂದ ಸಂಜೆಯವರೆಗೆ ಮೂರು ಸಲ ಹೋಗಿ ನೋಡಿದೆ. ಹಾಗೇ ಇದ್ದವು. ಅವಕ್ಕೆ ಸೊಪ್ಪಿನ ಚಿಂತೆಯಿಲ್ಲ, ಬಸ್ಸಿನ ಹೊತ್ತಿಲ್ಲ. ನನಗೆ ಅವುಗಳ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಜೋಡಿಯಾದವು ಒಂದೇ ಜಾತಿ ಎಂದು ರೇಷ್ಮೆ ಮನೆಯ ಹೆಣ್ಣಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಕಾಗದದಲ್ಲಿ ಬರೆದದ್ದು ಹೀಗೆ: "ಇಲ್ಲಿ ಬೇರೊಂದು ಜಾತಿ ಕಂಡಿದೆ. ಕುತ್ತಿಗೆಗೆ ಹಳದಿ ಪಟ್ಟಿ. ಬಂದು ನೋಡುವುದು." ಜೋಡಿಯ ವಿಷಯ ಮಾವ ಗಟ್ಟಿಯಾಗಿ ಓದುವ ಕಾಗದದಲ್ಲಿ ಹೇಗೆ ಬರೆಯುವುದು, ನಾಚಿಕೆ, ಅದಕ್ಕೇ ಬಿಟ್ಟೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಉಳಿದರ್ಧ ಆ ಶನಿವಾರವೇ ಬಸ್ಸಿನಿಂದ ಇಳಿಯಿತು, ಕೈಯಲ್ಲಿ ಖಾಲಿ ಕಡ್ಡಿಪೆಟ್ಟಿಗೆ ಹಿಡಿದುಕೊಂಡು.

ಹೊಲದಲ್ಲಿ ಅಕ್ಕಪಕ್ಕ ಕೂತು ಹುಡುಕಿದೆವು. ಮಾವ ಹುಳುವಿನ ಕೆಲಸವೆಂದು ನಮ್ಮನ್ನು ಬಿಟ್ಟಿದ್ದರು. ಹಳದಿ ಪಟ್ಟಿಯದು ಸಿಕ್ಕಾಗ ಅವರ ಮುಖ ನೋಡಬೇಕಿತ್ತು! "ಎರಡು ಜಾತಿ ಕಣೇ, ಎರಡು ಜಾತಿ!" ಎಂದು ನನ್ನ ಕೈ ಹಿಡಿದುಕೊಂಡರು, ಹಗಲಿನಲ್ಲಿ, ಬಯಲಿನಲ್ಲಿ. ಆಗ ಹೇಳಬೇಕಿತ್ತು. ಕೈ ಬಿಡಿಸಿಕೊಳ್ಳಲು ಮನಸ್ಸಾಗಲಿಲ್ಲ.

ಮೂರನೆಯದನ್ನು ಮಾತ್ರ ಸುಳ್ಳಾಗಿ ಹೇಳಲಿಲ್ಲ, ಮೋಸಹೋಗಿಯೇ ಹೇಳಿದೆ. ಕಪ್ಪು ಮೈ, ಮೇಲೆ ಬಿಳಿ ಚುಕ್ಕೆ, ರೆಕ್ಕೆಯಿಲ್ಲ, ಒಂದೊಂದು ಕಾಯಿಯ ಮೇಲೆ ಗುಂಪಾಗಿ ಕೂತಿದ್ದವು. ಹಸಿರು ತಿಗಣೆಗೂ ಅದಕ್ಕೂ ಯಾವ ಹೋಲಿಕೆಯೂ ಇರಲಿಲ್ಲ, ನಾತವೊಂದನ್ನು ಬಿಟ್ಟರೆ. ಬರೆದೆ. ಮತ್ತೆ ಬಂದರು. ಇದೂ ಬೇರೆ ಜಾತಿಯೇ ಎಂದು ಇಬ್ಬರೂ ಒಪ್ಪಿದೆವು. ಬರುವ ಕಾಗದಗಳಲ್ಲಿ ಈಗ ಮೂರು ಜಾತಿಯ ಮಾತು. ಸಾಹೇಬರು ಕುರ್ಚಿ ಎಳೆದು ಕೂರಿಸಿ ಮಾತಾಡಿಸಿದರಂತೆ.

ಕಪ್ಪಿನದು ದೊಡ್ಡದಾದರೆ ಹೇಗಿರುತ್ತದೆಂದು ಸಾಕಿ ನೋಡಿ ಎಂದು ಅವರು ಬರೆದದ್ದೇ ತಡ, ನಾನು ಸೀಸೆ ಹುಡುಕಿದೆ. ಹುಳುಮನೆಯೊಳಗೆ ಇಡುವಂತಿರಲಿಲ್ಲ. ರೇಷ್ಮೆ ಹುಳುವಿಗೆ ವಾಸನೆಯೆಂದರೆ ಆಗುವುದಿಲ್ಲ ಎಂದು ಅತ್ತೆ ಒಗ್ಗರಣೆಯನ್ನೇ ಹಿತ್ತಲಲ್ಲಿ ಹಾಕಿಸುತ್ತಿದ್ದರು. ನನ್ನ ತಲೆಗೆ ಹೂವು ಕೂಡ ಹುಳುವಿನ ಬೆಳೆ ಮುಗಿದ ಮೇಲೆಯೇ. ಹಾಗಾಗಿ ಸೀಸೆಯನ್ನು ಕೊಟ್ಟಿಗೆಯ ಗೂಡಿನಲ್ಲಿಟ್ಟೆ. ಅವರೆ ಎಲೆಯಡಿ ಒಂದು ಮೊಟ್ಟೆಯ ಕಟ್ಟು ಸಿಕ್ಕಿತ್ತು, ಎಲೆಸಮೇತ ಅದನ್ನೇ ಸೀಸೆಗೆ ಹಾಕಿದ್ದೆ. ಪುಟ್ಟ ಪುಟ್ಟ ಪೀಪಾಯಿಗಳನ್ನು ಅಳತೆ ಹಿಡಿದು ಒತ್ತೊತ್ತಾಗಿ ನಿಲ್ಲಿಸಿದಂತೆ. ಕೆನೆ ಬಣ್ಣದವು ದಿನಕಳೆದಂತೆ ಕೆಂಪಾಗಿ ಒಡೆದವು. ಹೊರಬಂದ ಮರಿಗಳು ಮೊದಲ ಚರ್ಮ ಕಳಚಿದ ಮೇಲೆ ಕಪ್ಪಾದವು, ಬಿಳಿ ಚುಕ್ಕೆ ಮೂಡಿತು. ಸರಿ, ಇದು ಕಪ್ಪು ಜಾತಿಯ ಮೊಟ್ಟೆಯೇ ಎಂದುಕೊಂಡೆ.

ನನಗೆ ಗೊತ್ತಿದ್ದುದು ಒಂದೇ ಹುಳು ಸಾಕಣೆ. ಮೊದಲು ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಿದೆ. ಮುಟ್ಟಲಿಲ್ಲ. ಇವು ಎಲೆ ತಿನ್ನುವವಲ್ಲ, ಚುಚ್ಚಿ ಕುಡಿಯುವವು ಎನ್ನುವುದು ನಾಲ್ಕೈದು ಸತ್ತ ಮೇಲೆ ತಲೆಗೆ ಹೋಯಿತು. ಎಳೆ ಅವರೆಕಾಯಿ ಹಾಕಿದೆ, ಹತ್ತಿದವು. ರೇಷ್ಮೆ ಹುಳು ಚರ್ಮ ಕಳಚುವ ಮೊದಲು ತಿನ್ನುವುದು ಬಿಟ್ಟು ತಲೆಯೆತ್ತಿ ಅಲುಗದೆ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತೇವೆ. ನಾಲ್ಕು ಜ್ವರ ಏಳಬೇಕು; ನಾಲ್ಕನೆಯದು ಎದ್ದು ವಾರದ ಮೇಲೆ ಹಣ್ಣಾದ ಹುಳುವನ್ನು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರ ತಟ್ಟಿಗೆ ಬಿಡುತ್ತೇವೆ. ತಿಗಣೆಯೂ ಒಂದೊಂದು ಜ್ವರಕ್ಕೆ ಕೂತು ಎದ್ದಿತು. ನಾನು ಕೊಟ್ಟಿಗೆ ಗೋಡೆಗೆ ಸುಣ್ಣದಲ್ಲಿ ಗೀಟು ಎಳೆದೆ. ನಾಲ್ಕು ಗೀಟಾಯಿತು. ಇನ್ನೇನು ಗೂಡು ಕಟ್ಟಬೇಕು ಎಂದುಕೊಂಡು, ಹಳೆಯ ಚಂದ್ರಿಕೆಯಿಂದ ಅಂಗೈಯಗಲ ಮುರಿದು ಸೀಸೆಯೊಳಗೆ ಇಳಿಸಿದೆ.

ಅತ್ತೆ ಹುಲ್ಲು ಹಾಕಲು ಬಂದವರು ನೋಡಿಬಿಟ್ಟರು.

"ಇದೇನೇ ಇದು?"

"ಚಂದ್ರಿಕೆ ಅತ್ತೆ."

"ಅದು ಕಾಣ್ತೈತೆ. ಯಾರ್ಗೆ?"

"ತಿಗಣೇಗೆ. ಗೂಡು ಕಟ್ಲಿ ಅಂತ."

ಅತ್ತೆ ಹುಲ್ಲಿನ ಹೊರೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ಕಟ್ಲಿ ಕಣೇ, ಕಟ್ಲಿ. ಶಿಡ್ಲಘಟ್ಟದ ಮಾರ್ಕೆಟ್ಗೆ ಹಾಕಣ. ತಿಗಣೆ ರೇಷ್ಮೆ ಸೀರೆ ಉಟ್ಕೊಂಡು ನೀನು ಗೌರಿಬಿದನೂರಿಗೆ ಹೋಗುವಂತೆ, ಜನ ಎಲ್ಲ ಮೂಗು ಮುಚ್ಕೊಂಡು ದಾರಿ ಬಿಡ್ತಾರೆ!" ಆಮೇಲೆ ನಗು ನಿಲ್ಲಿಸಿ ನನ್ನನ್ನೇ ನೋಡಿದರು. ಚಂದ್ರಿಕೆಯ ಚೂರಿದ್ದ ಸೀಸೆಯನ್ನು ಇದ್ದ ಜಾಗದಲ್ಲೇ ಇಟ್ಟು ಹುಲ್ಲು ಹಾಕಲು ಎದ್ದರು.

ತಿಗಣೆ ಗೂಡು ಕಟ್ಟಲಿಲ್ಲ. ಚಂದ್ರಿಕೆಯ ಮೇಲೆ ಓಡಾಡಿಕೊಂಡು, ಅಂಚಿಗೆ ಒಂಚೂರು ಕೆಂಪು, ಬೆನ್ನಿಗೆ ಒಂಚೂರು ಹಸಿರು ಮೂಡಿಸಿಕೊಂಡು, ಮತ್ತೆ ಜ್ವರಕ್ಕೆ ಕೂತಿತು. ಐದನೆಯ ಜ್ವರ! ಅಂಥದ್ದನ್ನು ನಾನು ಕೇಳಿಯೇ ಇರಲಿಲ್ಲ. ಒಂದು ಗುರುವಾರ ಬೆಳಗ್ಗೆ ಹಾಲು ಕರೆಯಲು ಹೋದಾಗ ಒಂದರ ಬೆನ್ನು ಬಿರಿದು, ಒಳಗಿನಿಂದ ಮೆತ್ತಗೆ, ಎಳೆ ಅವರೆಕಾಳಿನ ಬಣ್ಣದ್ದೊಂದು ಹೊರಬರುತ್ತಿತ್ತು. ಬಿಸಿಲೇರುವಷ್ಟರಲ್ಲಿ ಅದಕ್ಕೆ ರೆಕ್ಕೆ ಬಲಿತು ಹಸಿರು ಗಟ್ಟಿಯಾಯಿತು. ಬೆನ್ನ ಮುಕ್ಕೋನದಲ್ಲಿ ಮೂರು ಬಿಳಿ ಚುಕ್ಕೆ. ಪಕ್ಕದಲ್ಲಿ ಅದರ ಒಡಹುಟ್ಟಿದ್ದೊಂದು ಆಗಲೇ ಎದ್ದು ಕೂತಿತ್ತು, ಕುತ್ತಿಗೆಗೆ ಹಳದಿ ಪಟ್ಟಿ ಹೊದ್ದು.

ಒಂದೇ ಮೊಟ್ಟೆಕಟ್ಟಿನಿಂದ ಕಪ್ಪು, ಹಸಿರು, ಹಳದಿ. ಮೂರು ಜಾತಿಯೂ ಒಂದೇ. ಕಪ್ಪು ಎಂದರೆ ಮಕ್ಕಳು, ಅಷ್ಟೇ.

ಅದೇ ದಿನ ಹನ್ನೊಂದು ಗಂಟೆಗೆ ಅಂಚೆಯವನು ಬಂದ. ಮಾವ ಓದಿದರು. ವರದಿ ಮುಗಿದಿದೆ, ಮೂರು ಜಾತಿಯ ಚಿತ್ರವನ್ನೂ ನಾನೇ ಬರೆದಿದ್ದೇನೆ, ಶನಿವಾರ ಸಾಹೇಬರ ಕೈಯಿಂದ ಬೆಂಗಳೂರಿಗೆ ಹೋಗುತ್ತದೆ, ವರ್ಗದ ಮಾತನ್ನೂ ಅದರ ಜೊತೆಗೇ ಬರೆಯುತ್ತಾರೆ. ಮಾವ ಮೀಸೆ ತೀಡಿಕೊಂಡು ಎರಡನೆಯ ಸಲ ಓದಿದರು.

ನಾನು ಕಂಬ ಹಿಡಿದುಕೊಂಡು ನಿಂತಿದ್ದೆ. ಕಾಗದ ಬರೆದರೆ ಶನಿವಾರದೊಳಗೆ ಸೇರುವುದಿಲ್ಲ. ಸೇರುವಂತಿದ್ದರೂ ಮೊದಲು ಮಾವ ಓದಿ ಅಂಟಿಸಬೇಕು. ಸುಮ್ಮನಿದ್ದುಬಿಟ್ಟರೆ ಯುಗಾದಿಯ ಹೊತ್ತಿಗೆ ಅವರು ದಿನಾ ಸಂಜೆ ಮನೆಯಲ್ಲಿ. ಸುಮ್ಮನಿರು, ಸುಮ್ಮನಿರು ಎಂದು ಸೊಪ್ಪು ಹೆಚ್ಚುತ್ತಾ ಹೇಳಿಕೊಂಡೆ. ಆದರೆ ಕಣ್ಣಿಗೆ ಕಟ್ಟುತ್ತಿದ್ದುದು ಬೇರೆಯೇ. ಬೆಂಗಳೂರಿನ ಓದಿದ ಜನ ಸುತ್ತ ನಿಂತು ಅವರ ಚಿತ್ರ ನೋಡಿ, "ಮರೀನೇ ಬೇರೆ ಜಾತಿ ಅಂದವ್ನೆ ನೋಡ್ರಪ್ಪ" ಎಂದು ನಗುವುದು. ಕಡ್ಡಿಪೆಟ್ಟಿಗೆ ಹಿಡಿದು ಬಸ್ಸಿನಿಂದ ಇಳಿದು ಬಂದವರನ್ನು ನೋಡಿ ನಗುವುದು.

ನಮ್ಮ ರೇಷ್ಮೆ ಹುಳು ಆ ಸಂಜೆ ನಾಲ್ಕನೆಯ ಜ್ವರಕ್ಕೆ ಕೂತವು. ತಟ್ಟೆಗಳ ಮೇಲೆ ಸೊಪ್ಪು ಮೇಯುವ ಸದ್ದು ನಿಂತಿತು. ಹುಳುಮನೆಯ ಹೆಂಗಸರಿಗೆ ಬಿಡುವೆಂದರೆ ಅದೊಂದೇ. ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹಾಕುವ ಹಾಗಿಲ್ಲ. ಶುಕ್ರವಾರ ಇಡೀ ದಿನ ಕೈ ಖಾಲಿ. ಬೆಳಗ್ಗೆ ಅತ್ತೆಯ ಮುಂದೆ ಹೋಗಿ ನಿಂತೆ.

"ಗೌರಿಬಿದನೂರಿಗೆ ಹೋಗಿ ಬರ್ತೀನಿ."

"ಹುಳಕ್ಕೆ ಜ್ವರ ಬಂದ್ರೆ ನಿಂಗ್ಯಾಕೆ ರಜ?"

"ಅವ್ರು ಬರೆದಿರೋದು ತಪ್ಪಾಗೈತೆ ಅತ್ತೆ. ನನ್ನಿಂದಾನೇ ತಪ್ಪಾಗೈತೆ. ನಾಳೆ ಅದು ಬೆಂಗಳೂರಿಗೆ ಹೋಗ್ಬಿಡ್ತದೆ."

ಜಗಲಿಯಿಂದ ಮಾವ ಕೂಗಿದರು, "ಹೆಣ್ಮಗಳು ಒಬ್ಳೇ ಅಷ್ಟು ದೂರ ಹೆಂಗೆ ಹೋಗ್ತಾಳೆ?"

"ಬಸ್ನಾಗೆ ಹೋಗ್ತಾಳೆ," ಎಂದರು ಅತ್ತೆ. ನನ್ನ ಕೈಗೆ ಬಸ್ಸಿನ ಕಾಸು ಇಟ್ಟು, ಮೆಲ್ಲಗೆ, "ಹುಳ ಏಳೋ ಹೊತ್ಗೆ ಇಲ್ಲಿರ್ಬೇಕು" ಎಂದರು.

ಶಿಡ್ಲಘಟ್ಟದಲ್ಲಿ ಬಸ್ಸು ಬದಲಾಯಿಸಿದಾಗ ಪಕ್ಕಕ್ಕೆ ಬುರ್ಖಾ ತೊಟ್ಟ ಹಿರಿಯಾಕೆಯೊಬ್ಬರು ಬಂದು ಕೂತರು. ಸೀಸೆ ನನ್ನ ಮಡಿಲಲ್ಲಿತ್ತು, ಅದರ ಬಾಯಿಗೆ ಬಟ್ಟೆ ಕಟ್ಟಿದ್ದೆ. ಮೊದಲ ಹಳ್ಳಕ್ಕೆ ಬಸ್ಸು ಕುಲುಕಿದ್ದೇ ತಿಗಣೆಗಳೆಲ್ಲ ಒಟ್ಟಿಗೆ ನಾತ ಬಿಟ್ಟವು. ಮುಂದಿನ ಸೀಟಿನವನು ಎದ್ದು ಹಿಂದೆ ತಿರುಗಿ ನೋಡಿದ. ಕಂಡಕ್ಟರ್ ಮೂಗು ಹಿಡಿದು, "ಯಾರಮ್ಮಾ ಅದು, ಏನಮ್ಮಾ ತಂದಿದೀರಾ?" ಎಂದ.

ಆಕೆ ನನ್ನ ಸೀಸೆ ನೋಡಿದರು, ನನ್ನ ಮುಖ ನೋಡಿದರು. "ಕೊತ್ತಂಬ್ರಿ ಕಣಪ್ಪ, ಕೊಳ್ತೋಗೈತೆ. ಟಿಕೇಟ್ ಕೊಡು ಮುಂದೆ ಹೋಗು" ಎಂದು ಅವನನ್ನು ಅಟ್ಟಿದರು. ಆಮೇಲೆ ನನ್ನ ಕಿವಿಯ ಹತ್ತಿರ, "ನಮ್ಮನೇಲಿ ಗೂಡು ಬೇಯ್ಸಿ ದಾರ ತೆಗೀತೀವಿ ಬೇಟಿ. ಆ ವಾಸ್ನೆ ಮುಂದೆ ಇದು ಅತ್ತರು. ಹುಳ ಎಲ್ಲಿ ತಗೊಂಡು ಹೋಗ್ತಾ ಇದೀಯಾ?"

"ನಮ್ಮ ಯಜಮಾನ್ರ ಹತ್ರ."

"ಯಾ ಅಲ್ಲಾ! ಜನ ಮಿಠಾಯಿ ತಗೊಂಡು ಹೋಗ್ತಾರೆ," ಎಂದು ಚಿಕ್ಕಬಳ್ಳಾಪುರ ಬರುವವರೆಗೂ ಭುಜ ಕುಣಿಸಿಕೊಂಡು ನಕ್ಕರು.

ಗೌರಿಬಿದನೂರು ತಲುಪಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಆಫೀಸು ಕೇಳಿಕೊಂಡು ಹೋದೆ. ನನ್ನನ್ನು ಬಾಗಿಲಲ್ಲಿ ಕಂಡವರೇ ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದರು.

"ಯಾರ್ಗೇನಾಯ್ತು? ಅಪ್ಪಂಗಾ? ಅಮ್ಮಂಗಾ?"

"ಯಾರ್ಗೂ ಏನಿಲ್ಲ. ಹುಳ ನೋಡಿ."

ಆಫೀಸಿನ ಹೊರಗೆ ಹೊಂಗೆ ಮರದ ಕೆಳಗೆ ಕೂತು ಸೀಸೆ ಬಿಚ್ಚಿದೆ. ಕಳಚಿದ ಕಪ್ಪು ಚರ್ಮ, ಹಸಿರು ತಿಗಣೆ, ಹಳದಿ ಪಟ್ಟಿಯದು, ಒಣಗಿದ ಎಲೆಗೆ ಅಂಟಿದ ಖಾಲಿ ಮೊಟ್ಟೆಕಟ್ಟು. ಐದು ಜ್ವರದ ಕತೆ ಹೇಳಿದೆ. ಚಂದ್ರಿಕೆಯದು ಬಿಟ್ಟೆ. ಅವರು ಬಹಳ ಹೊತ್ತು ಸೀಸೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಕಪ್ಪಿಂದು ಇರ್ಲಿ. ನಂಗೂ ಹೊಳೀಲಿಲ್ಲ. ಹಳದೀದು?"

"ಅದು ನಂಗೆ ಗೊತ್ತಿತ್ತು. ಮೊದಲ್ನೇ ದಿನಾನೇ ಎರಡೂ ಜೋಡಿಯಾಗಿದ್ದು ನೋಡಿದ್ದೆ."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಆ ಶನಿವಾರ ಬರ್ತಿದ್ರಾ?"

ಅವರ ಮುಖ ಕೆಂಪಾಯಿತು. ಬೈಯುತ್ತಾರೆಂದು ಕಾದೆ. ಸೀಸೆ ಎತ್ತಿಕೊಂಡು ಒಳಗೆ ಹೋದರು. ನಾನು ಮರದ ಕೆಳಗೇ ಇದ್ದೆ. ಅರ್ಧ ಗಂಟೆಯೋ ಒಂದು ಗಂಟೆಯೋ, ನನಗೆ ಒಂದು ಬೆಳೆ ಕಳೆದಂತಾಯಿತು. ಹೊರಗೆ ಬಂದಾಗ ಅವರ ಕೈಯಲ್ಲಿ ಚಿತ್ರದ ಹಾಳೆಗಳಿದ್ದವು, ನಾಲ್ಕಾಗಿ ಮಡಿಸಿದ್ದವು.

"ಸಾಹೇಬ್ರು ದಪ್ಪ ಪುಸ್ತಕ ತೆಗೆದು ನೋಡಿದ್ರು. ನೆಝಾರಾ ವಿರಿಡುಲಾ ಅಂತ ಇದ್ರ ಹೆಸ್ರು. ಆಫ್ರಿಕಾ ಕಡೇದಿರಬೇಕಂತೆ. ಈಗ ಬಿಸಿಲಿರೋ ದೇಶದಲ್ಲೆಲ್ಲಾ ಐತಂತೆ. ಒಂದೇ ಜಾತಿ, ಅಂಗಿ ಮಾತ್ರ ಬೇರೆ ಬೇರೆ. ನಿನ್ನ ಐದು ಜ್ವರನೂ ಸರೀನೇ."

"ವರ್ಗ?"

"ಮುಂದೆ ನೋಡಣ ಅಂದ್ರು."

ಅರ್ಧ ದಿನ ರಜೆ ಹಾಕಿ, ಶಿಡ್ಲಘಟ್ಟದವರೆಗೆ ಬಿಟ್ಟು ಬರುತ್ತೇನೆಂದು ನನ್ನ ಜೊತೆ ಬಸ್ಸು ಹತ್ತಿದರು. ಇಬ್ಬರ ಸೀಟು. ಮದುವೆಯಾದ ಮೇಲೆ ಅಷ್ಟು ಹೊತ್ತು, ಸುತ್ತ ನಮ್ಮವರು ಯಾರೂ ಇಲ್ಲದೆ, ಅಕ್ಕಪಕ್ಕ ಕೂತದ್ದು ಅದೇ ಮೊದಲು. ಮಂಚೇನಹಳ್ಳಿ ದಾಟುವವರೆಗೂ ಅವರು ಕಿಟಕಿಯ ಹೊರಗೇ ನೋಡುತ್ತಿದ್ದರು. ಆಮೇಲೆ ಮುಖ ತಿರುಗಿಸದೆ ಕೇಳಿದರು.

"ಬೆಳಿಗ್ಗೆಯಿಂದ ಸಾಯಂಕಾಲದವರೆಗೂ ಹಂಗೇ ಇದ್ವಾ ಅವು?"

"ಹೂಂ."

"ನೀನು ಅಷ್ಟೊತ್ತೂ ನೋಡ್ತಾ ಇದ್ಯಾ?"

"ಮೂರು ಸಲ ಹೋಗಿ ನೋಡ್ದೆ."

ಮೊದಲು ಅವರ ಹೊಟ್ಟೆ ಕುಲುಕಿತು, ಆಮೇಲೆ ಬಾಯಿ ತಡೆಯಲಿಲ್ಲ. ಚಿಕ್ಕಬಳ್ಳಾಪುರ ಬರುವವರೆಗೆ ಇಬ್ಬರಲ್ಲಿ ಒಬ್ಬರು ನಗು ನಿಲ್ಲಿಸಿದರೆ ಇನ್ನೊಬ್ಬರು ಶುರು ಮಾಡುವುದೇ ಆಯಿತು. ಶಿಡ್ಲಘಟ್ಟದಲ್ಲಿ ನನ್ನನ್ನು ಊರ ಬಸ್ಸಿಗೆ ಹತ್ತಿಸಿ, ತಾವು ತಿರುಗಿ ಹೋಗುವ ಬಸ್ಸಿಗೆ ಓಡಿದರು. ಮನೆ ಸೇರಿದಾಗ ಹುಳು ಇನ್ನೂ ಎದ್ದಿರಲಿಲ್ಲ.

ಶಿಡ್ಲಘಟ್ಟದ ಜಾಗಕ್ಕೆ ಬೇರೆ ಯಾರೋ ಬಂದರು. ನಮ್ಮವರು ಇನ್ನೂ ಐದು ವರ್ಷ ಗೌರಿಬಿದನೂರಿನಲ್ಲೇ ಇದ್ದರು. ಆದರೆ ಆ ದಿನದಿಂದ, ಪ್ರತಿ ಬೆಳೆಯಲ್ಲೂ ನಾಲ್ಕನೆಯ ಜ್ವರಕ್ಕೆ ಹುಳು ಕೂತ ಸಂಜೆ, ಅತ್ತೆ ನನ್ನ ಕಡೆ ನೋಡದೆ ಗೋಡೆಗೆ ಹೇಳುವಂತೆ, "ಹುಳ ಕೂತ್ವು" ಎನ್ನುವರು. ಮಾರನೆಯ ಬೆಳಗ್ಗೆ ನಾನು ಮೊದಲ ಬಸ್ಸು. ವರ್ಷಕ್ಕೆ ಐದು ಬೆಳೆ, ಐದು ದಿನ. ಆ ಕೋಣೆಯಲ್ಲಿ ಒಂದು ಸೀಮೆಎಣ್ಣೆ ಸ್ಟೌ, ಎರಡು ತಟ್ಟೆ. ನಾನು ಹಿತಕಿದ ಬೇಳೆ ಕಟ್ಟಿಕೊಂಡು ಹೋಗುತ್ತಿದ್ದೆ. ಮಧ್ಯಾಹ್ನ ಅವರು ಆಫೀಸಿನಿಂದ ಊಟಕ್ಕೆ ಓಡಿಬರುವ ಚಪ್ಪಲಿ ಸದ್ದನ್ನು ಬೀದಿಯ ತುದಿಯಿಂದಲೇ ಗುರುತಿಸುತ್ತಿದ್ದೆ. ನಮ್ಮ ದೊಡ್ಡ ಮಗಳು ಕಂಕುಳಿಗೆ ಬಂದ ಮೇಲೆ ಅವಳನ್ನೂ ಎತ್ತಿಕೊಂಡು ಹೋದೆ. ಅದು ಜ್ವರದ ದಿನಗಳ ಕೂಸೇ ಎಂದು ಅತ್ತೆ ಎಲ್ಲರೆದುರು ಹೇಳಿ ನನ್ನನ್ನು ನಾಚಿಸುತ್ತಿದ್ದರು.

ತೊಂಬತ್ತರ ದಶಕ ಶುರುವಾದ ಮೇಲೆ ಚಿಂತಾಮಣಿಗೆ ವರ್ಗವಾಯಿತು. ದಿನಾ ಸಂಜೆ ಮನೆಗೆ ಬಂದರು. ಕಾಗದಗಳು ನಿಂತವು. ಒಂದೇ ಮನೆಯಲ್ಲಿರುವವರು ಏನು ಬರೆದಾರು? ಉಪ್ಪು ಕಡಿಮೆ, ಟವೆಲ್ ಎಲ್ಲಿ, ಮಗಳ ಫೀಸು ಕಟ್ಟಿದ್ದಾಯಿತೇ, ಇಷ್ಟರಲ್ಲೇ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಳೆದುಹೋಯಿತು. ಅವರು ಹೋಗಿ ಈಗ ಏಳು ವರ್ಷ.

ಅಂದು ನಾನು ಸುಮ್ಮನಿದ್ದಿದ್ದರೆ ಐದು ವರ್ಷದ ಸಂಜೆಗಳು ನನಗೆ ಹೆಚ್ಚಾಗಿ ಸಿಗುತ್ತಿದ್ದವೇನೋ. ಆ ಬಸ್ಸಿನ ಪಯಣ, ಆ ಕೋಣೆಯ ಮಧ್ಯಾಹ್ನಗಳು ಸಿಗುತ್ತಿರಲಿಲ್ಲ. ಯಾವುದು ಮೇಲು ಎಂದು ಎಷ್ಟೋ ಸಲ ತೂಗಿ ನೋಡಿದ್ದೇನೆ. ತಕ್ಕಡಿ ನಿಲ್ಲುವುದೇ ಇಲ್ಲ. ನನಗೆ ಎರಡೂ ಬೇಕಾಗಿತ್ತು.